ಅಂಚಿನಲ್ಲಿ ಕಾಣುವ ಕೈಚಳಕ

ಕೇಳುಗರೆಲ್ಲರಿಗೂ ನಮಸ್ಕಾರ.

ಗೋಡೆಗೆ ಅಲಂಕಾರದ ಟೈಲ್ಸ್ ಹಾಕಿಸಿದವರು ಕೆಲಸ ಮುಗಿದ ದಿನ ಸಾಮಾನ್ಯವಾಗಿ ಮೆಚ್ಚುವುದು ಬಣ್ಣವನ್ನು, ಹೊಳಪನ್ನು. ಅವೆರಡೂ ಕಾರ್ಖಾನೆಯಿಂದ ಬಂದವು. ಹಾಕಿದವರ ಕೆಲಸವನ್ನು ನೋಡಬೇಕಾದರೆ ಕಣ್ಣು ಮೊದಲು ಗೋಡೆಯ ಅಂಚಿಗೆ, ಮೂಲೆಗೆ ಹೋಗಬೇಕು. ಕತ್ತರಿಸಿದ ತುಂಡುಗಳು ಎಲ್ಲಿ ಬಂದು ಕೂತಿವೆ ಎಂಬುದನ್ನು ನೋಡಿದರೆ ಮೇಸ್ತ್ರಿಯ ಯೋಗ್ಯತೆ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಟೈಲ್ಸ್ ಅಳತೆಗೆ ಸರಿಯಾಗಿ ಕಟ್ಟಿದ ಗೋಡೆ ಸಿಗುವುದು ಅಪರೂಪ. ಎಲ್ಲಾದರೂ ಒಂದು ಕಡೆ ಕತ್ತರಿಸಲೇಬೇಕು. ಗೋಡೆಯ ಅಗಲ 245 ಸೆಂಟಿಮೀಟರ್, ಟೈಲಿನ ಅಗಲ 30 ಎಂದುಕೊಳ್ಳಿ. ಸಂದುಗಳನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ, ಎಡಮೂಲೆಯಿಂದ ಹೊರಟವರಿಗೆ ಎಂಟು ಇಡೀ ಟೈಲ್ಸ್ ಕೂತು, ಬಲಮೂಲೆಯಲ್ಲಿ ಐದು ಸೆಂಟಿಮೀಟರಿನ ಸೀಳು ಉಳಿಯುತ್ತದೆ. ಬಲ್ಲವರು ಮೊದಲ ಟೈಲ್ ಅಂಟಿಸುವ ಮುನ್ನವೇ ಗೋಡೆಯ ನಡುಗೆರೆ ಎಳೆದು, ಏಳು ಇಡೀ ಟೈಲ್ಸ್ ನಡುವೆ ಇಟ್ಟು, ಎರಡೂ ಮೂಲೆಗೆ ಹದಿನೇಳೂವರೆ ಸೆಂಟಿಮೀಟರಿನ ತುಂಡು ಬರುವಂತೆ ಹಂಚುತ್ತಾರೆ. ಅದಕ್ಕೆ ಸಾಲಿಗೆ ಒಂದು ಟೈಲ್ ಹೆಚ್ಚು ಕತ್ತರಿಸಬೇಕು, ಅಷ್ಟೇ. ಆದರೆ ಆ ಐದು ಸೆಂಟಿಮೀಟರಿನ ಸೀಳು ಗೋಡೆ ಇರುವಷ್ಟು ಕಾಲವೂ ಕಣ್ಣಿಗೆ ಚುಚ್ಚುತ್ತದೆ.

ನಾಲ್ಕು ಟೈಲ್ಸ್ ಸೇರಿದಾಗ ಒಂದು ಹೂವು ಮೂಡುವಂಥ ವಿನ್ಯಾಸವಿದ್ದರೆ ಈ ಲೆಕ್ಕ ಇನ್ನೂ ಮುಖ್ಯ. ಮೂಲೆಯಲ್ಲಿ ಅರ್ಧ ಹೂವು ಕತ್ತರಿಸಿಹೋದರೆ ಪಕ್ಕದ ಗೋಡೆಯಲ್ಲಿ ಉಳಿದರ್ಧ ಅರಳಬೇಕು. ಕಿಟಕಿಯ ಎರಡೂ ಬದಿಯ ತುಂಡುಗಳು ಸರಿಸಮವಾಗಿರಬೇಕು. ಸ್ವಿಚ್ಚಿಗಾಗಿ ಕೊರೆದ ಕಂಡಿಯ ಅಂಚು ಸ್ವಿಚ್ಚಿನ ಫಲಕದಿಂದ ಹೊರಗೆ ಇಣುಕಬಾರದು.

ಇನ್ನು ಸಮತಟ್ಟಿನ ವಿಷಯ. ಸಂದಿಗೆ ಅಡ್ಡವಾಗಿ ಉಗುರನ್ನು ಮೆಲ್ಲನೆ ಎಳೆಯಿರಿ. ಒಂದು ಟೈಲಿನ ಅಂಚು ಪಕ್ಕದ್ದಕ್ಕಿಂತ ಮೇಲೆದ್ದಿದ್ದರೆ ಉಗುರು ತಟಕ್ಕನೆ ತಡೆಯುತ್ತದೆ. ತಡೆದದ್ದೆಲ್ಲ ತಪ್ಪಲ್ಲ. ಸಂದು ಆರು ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಒಂದು ಮಿಲಿಮೀಟರ್ ವ್ಯತ್ಯಾಸವನ್ನು ಬ್ರಿಟಿಷ್ ಮಾನದಂಡ ಒಪ್ಪುತ್ತದೆ. ಎರಡು ಮೀಟರ್ ಉದ್ದದ ನೇರಪಟ್ಟಿಯನ್ನು ಗೋಡೆಗೆ ಒತ್ತಿದರೆ ಅದರಡಿ ಮೂರು ಮಿಲಿಮೀಟರಿನವರೆಗಿನ ಅಂತರವನ್ನೂ ಒಪ್ಪುತ್ತದೆ. ಇಲ್ಲಿ ನ್ಯಾಯವಾಗಿ ನೋಡಬೇಕಾದ ಒಂದು ಮಾತಿದೆ. ಉದ್ದನೆಯ ಟೈಲ್ಸ್ ಒಲೆಯಲ್ಲಿ ಬೇಯುವಾಗ ಅನೇಕ ವೇಳೆ ತುಸು ಬಾಗುತ್ತವೆ, ನಡು ಉಬ್ಬುತ್ತದೆ. ಅವನ್ನು ಇಟ್ಟಿಗೆ ಜೋಡಿಸಿದಂತೆ ಅರ್ಧಕ್ಕರ್ಧ ಸರಿಸಿ ಹಾಕಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಪಕ್ಕಕ್ಕೆ ಬರುತ್ತದೆ. ಮೂರನೆಯ ಒಂದು ಭಾಗದಷ್ಟೇ ಸರಿಸಿದರೆ ಈ ಏರುಪೇರು ತಗ್ಗುತ್ತದೆ. ಹಾಗೆ ಹೇಳಿಯೂ ಮನೆಯವರೇ ಅರ್ಧ ಬೇಕೆಂದು ಹಟ ಹಿಡಿದಿದ್ದರೆ ಮೇಸ್ತ್ರಿಯನ್ನು ದೂರಿ ಫಲವಿಲ್ಲ. ಕೈಯಿಂದ ಮಾಡಿದ ಟೈಲ್ಸ್ ಆದರಂತೂ ಏರುಪೇರು ಅದರ ಗುಣವೇ.

ಟಾರ್ಚನ್ನು ಗೋಡೆಗೆ ತಾಗಿಸಿ ಬೆಳಕು ಬಿಟ್ಟು ತಪ್ಪು ಹುಡುಕುವವರಿದ್ದಾರೆ. ಆ ಬೆಳಕಿನಲ್ಲಿ ಎಂಥ ಗೋಡೆಯೂ ಗುಡ್ಡಬೆಟ್ಟದಂತೆ ಕಾಣುತ್ತದೆ. ಕೋಣೆಯಲ್ಲಿ ದಿನವೂ ಇರುವ ಬೆಳಕಿನಲ್ಲಿ, ಒಂದೆರಡು ಹೆಜ್ಜೆ ದೂರ ನಿಂತು ನೋಡಿ. ಗೋಡೆಯನ್ನು ಸವರಿಕೊಂಡು ಬೆಳಕು ಬೀಳುವಂಥ ದೀಪ ಬರಲಿದ್ದರೆ ಅದನ್ನು ಕೆಲಸ ಶುರುವಾಗುವ ಮೊದಲೇ ತಿಳಿಸಬೇಕು.

ಕಣ್ಣಿಗೆ ಕಾಣದ ಕೆಲಸಕ್ಕೆ ಕಿವಿ ಬೇಕು. ಬೆರಳ ಗೆಣ್ಣಿನಿಂದ ಪ್ರತಿ ಟೈಲಿನ ನಡುವನ್ನೂ ನಾಲ್ಕು ಮೂಲೆಯನ್ನೂ ತಟ್ಟುತ್ತಾ ಹೋಗಿ. ಸುತ್ತಲಿನವು ಗಟ್ಟಿ ಸದ್ದು ಕೊಡುವಾಗ ಒಂದರ ಮೂಲೆ ಮಾತ್ರ ಟೊಳ್ಳು ಸದ್ದು ಮಾಡಿದರೆ, ಅದರ ಹಿಂದೆ ಅಂಟು ತುಂಬಿಲ್ಲವೆಂಬ ಸಂಶಯ ಬರಬೇಕು. ಅಂಟನ್ನು ಅಂಚಿನಲ್ಲಿ ಹಲ್ಲುಗಳಿರುವ ಕರಣೆಯಿಂದ ಹರಡದೆ ಐದು ಉಂಡೆ ಮೆತ್ತಿ ಒತ್ತಿದಾಗ ಹೀಗಾಗುತ್ತದೆ. ಒಣ ಜಾಗದಲ್ಲಿ ಟೈಲಿನ ಬೆನ್ನಿನ ಶೇಕಡಾ 80ರಷ್ಟಕ್ಕಾದರೂ, ನೀರು ಬೀಳುವ ಜಾಗದಲ್ಲಿ ಶೇಕಡಾ 95ರಷ್ಟಕ್ಕಾದರೂ ಅಂಟು ತಾಗಿರಬೇಕೆಂದು ಅಮೆರಿಕದ ಮಾನದಂಡ ಹೇಳುತ್ತದೆ. ಗೋಡೆಯೇ ಟೊಳ್ಳು ಹಲಗೆಯದಾಗಿದ್ದರೆ ಎಲ್ಲ ಟೈಲ್ಸೂ ಟೊಳ್ಳಾಗಿಯೇ ಕೇಳಿಸುತ್ತವೆ. ಅದಕ್ಕೆ ಗಾಬರಿ ಬೇಡ.

ಸಂದಿಗೆ ತುಂಬಿದ ಗ್ರೌಟ್ ಒಂದೇ ಬಣ್ಣದ್ದಾಗಿರಲಿ, ಸೂಜಿತೂತುಗಳಿರದಿರಲಿ. ಬಣ್ಣ ಮಚ್ಚೆಮಚ್ಚೆಯಾಗಿದ್ದರೆ ಕಲಸುವಾಗಲೋ ಒರೆಸುವಾಗಲೋ ನೀರು ಹೆಚ್ಚಾಗಿರಬಹುದು. ಎರಡು ಗೋಡೆ ಕೂಡುವ ಮೂಲೆಯಲ್ಲಿ ಗ್ರೌಟ್ ಬದಲು ರಬ್ಬರಿನಂತೆ ಬಾಗುವ ಸಿಲಿಕೋನ್ ಇರಬೇಕು, ಏಕೆಂದರೆ ಗೋಡೆಗಳು ಬೇರೆಬೇರೆಯಾಗಿ ಅಲುಗುತ್ತವೆ, ಗಟ್ಟಿ ಗ್ರೌಟ್ ಬಿರಿಯುತ್ತದೆ.

ಕೊನೆಯ ಕಂತಿನ ಹಣ ಕೊಡುವ ಮೊದಲು, ಸಂಶಯ ಬಂದ ಕಡೆಯಲ್ಲೆಲ್ಲ ಕಾಗದದ ಟೇಪ್ ಅಂಟಿಸಿ, ಮೇಸ್ತ್ರಿಯ ಜೊತೆಯಲ್ಲೇ ನಿಂತು ಒಂದೊಂದನ್ನೂ ತೋರಿಸಿ. ಉಳಿದ ಟೈಲ್ಸನ್ನು ಡಬ್ಬಿಯ ಸಮೇತ ಇಟ್ಟುಕೊಳ್ಳಿ. ಡಬ್ಬಿಯ ಮೇಲೆ ತಯಾರಿಕೆಯ ಬ್ಯಾಚ್ ಸಂಖ್ಯೆ ಇರುತ್ತದೆ. ಬೇರೆ ಬ್ಯಾಚಿನ ಟೈಲ್ ಅದೇ ಹೆಸರಿನದಾದರೂ ಬಣ್ಣದಲ್ಲಿ ತುಸು ಬೇರೆಯಾಗಬಹುದು. ಆಗ ಟೊಳ್ಳು ಟೈಲನ್ನು ತೆಗೆದು ಆ ಜಾಗದಲ್ಲಿ ಕೂರಿಸಿದ ಹೊಸದು ಇಡೀ ಗೋಡೆಯಲ್ಲಿ ಎದ್ದು ಕಾಣುತ್ತದೆ.