ನಾಲ್ಕು ಮನೆ, ನಾಲ್ಕು ಬಾಗಿಲು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಜರ್ಮನಿಯ ಓಬರ್‌ಹೌಸನ್ ನಗರದ ಒಂದು ಹಳೆಯ ಕೇರಿಯ ಬಗ್ಗೆ ಮಾತಾಡೋಣ. ಹೆಸರು ಐಸನ್‌ಹೈಮ್. ಅರಮನೆಯೂ ಇಲ್ಲ, ಗೋಪುರವೂ ಇಲ್ಲ. ಇರುವುದು ಕಬ್ಬಿಣದ ಕಾರ್ಖಾನೆಯವರ, ಗಣಿಯವರ ಮನೆಗಳು.

ಓಬರ್‌ಹೌಸನ್ ಇರುವ ರೂರ್ ಪ್ರದೇಶ ಅಂದರೆ ಕಲ್ಲಿದ್ದಲು, ಉಕ್ಕಿನ ಸೀಮೆ. ಕಾರ್ಖಾನೆಗಳು ಬೆಳೆದ ಹಾಗೆ ಕೆಲಸ ಬಲ್ಲವರು ದೂರದಿಂದ ಬರಬೇಕಾಯಿತು. ಬಂದವರು ನಿಲ್ಲಬೇಕಾದರೆ ಮನೆ ಬೇಕಲ್ವಾ? ಮುಂದೆ ಗೂಟೆಹೊಫ್ನುಂಗ್ಸ್‌ಹ್ಯೂಟೆ ಎಂದು ಹೆಸರಾದ ಕಬ್ಬಿಣದ ಕಂಪನಿ 1846ರಲ್ಲಿ ಇಲ್ಲಿ ಮೊದಲ ಮನೆಗಳನ್ನು ಕಟ್ಟಿಸಿತು. ರೂರ್‌ನಲ್ಲಿ ಇದೇ ಅತಿ ಹಳೆಯ ಕಾರ್ಮಿಕರ ಬಡಾವಣೆ. ಕಟ್ಟುವ ಕೆಲಸ ಸುಮಾರು 1900ರವರೆಗೆ ಬಿಟ್ಟು ಬಿಟ್ಟು ನಡೆಯಿತು. ಕಂಪನಿಯದು ಧರ್ಮವಲ್ಲ, ಲೆಕ್ಕ. ಕಂಪನಿಯ ಮನೆಯಲ್ಲಿರುವವನು ಸುಲಭಕ್ಕೆ ಕೆಲಸ ಬಿಟ್ಟು ಹೋಗಲಾರ.

ಆ ಲೆಕ್ಕ ಮನೆಯ ನಕ್ಷೆಯಲ್ಲೂ ಕಾಣುತ್ತದೆ. ಮೊದಲ ಹಂತದ ನಂತರ ಇಲ್ಲಿ ಹೊಸದೊಂದು ಬಗೆ ಬಂತು. ಒಂದು ಕಟ್ಟಡ ತೆಗೆದುಕೊಳ್ಳಿ. ಒಳಗೆ ಎರಡು ಗೋಡೆಗಳು ನಟ್ಟನಡುವೆ ಒಂದನ್ನೊಂದು ಅಡ್ಡಹಾಯುತ್ತವೆ. ಮೂಲೆಗೊಂದರಂತೆ ನಾಲ್ಕು ಮನೆ. ಪ್ರತಿ ಮನೆಗೂ ಅದರದೇ ಬಾಗಿಲು. ಫ್ರಾನ್ಸಿನ ಮ್ಯೂಲೂಸ್‌ನಲ್ಲಿ 1850ರ ದಶಕದಲ್ಲಿ ಹೆಸರಾದ ಮಾದರಿ ಇದು. ಗೋಡೆ ಹಂಚಿಕೊಂಡದ್ದರಿಂದ ಇಟ್ಟಿಗೆ ಉಳಿಯಿತು, ಚಳಿಗಾಲದಲ್ಲಿ ಬಿಸಿಯೂ ಉಳಿಯಿತು. ಆದರೆ ಕಿಟಕಿ ಇಡಲು ಸಿಗುವುದು ಎರಡೇ ಪಕ್ಕ. ಎದುರು ಬದುರು ಗಾಳಿ ಆಡುವುದಿಲ್ಲ. ಇದೊಂದು ಕೊರತೆಯೇ.

ಬಾಗಿಲು ಬೇರೆ ಬೇರೆ ಯಾಕೆ? ಆ ಕಾಲದ ಮಾಲೀಕರಿಗೆ, ವಸತಿ ಸುಧಾರಕರಿಗೆ ಒಂದು ಭಯವಿತ್ತು. ಎಲ್ಲರಿಗೂ ಒಂದೇ ಮೆಟ್ಟಿಲು, ಒಂದೇ ಓಣಿ ಇಟ್ಟರೆ ಜನ ಅಲ್ಲಿ ಗುಂಪು ಸೇರುತ್ತಾರೆ, ಮಾತು ಬೆಳೆಯುತ್ತದೆ. ಅದಕ್ಕಿಂತ ಅವರವರ ಸಂಸಾರ ಅವರವರ ಬಾಗಿಲೊಳಗೆ ಇರಲಿ ಅಂತ.

ಹಿತ್ತಲಲ್ಲಿ ಮಾತ್ರ ಕತೆ ಬೇರೆಯಾಯಿತು. ಮನೆಗಳ ಹಿಂದೆ ಸಣ್ಣ ಕೊಟ್ಟಿಗೆಗಳು, ತರಕಾರಿ ಪಾತಿಗಳು, ನಡುವೆ ನಡೆಯುವ ದಾರಿ. ಕೊಟ್ಟಿಗೆಯಲ್ಲಿ ಹಂದಿ, ಇಲ್ಲವೇ ಆಡು. ರೂರ್‌ನಲ್ಲಿ ಆಡನ್ನು ತಮಾಷೆಗೆ ಗಣಿಯವನ ಹಸು ಅನ್ನುತ್ತಿದ್ದರು! ಬಟ್ಟೆ ಒಗೆಯಲು ಎಲ್ಲರಿಗೂ ಸೇರಿ ಒಗೆಯುವ ಮನೆಗಳಿದ್ದವು. ಕುರ್ಚಿ ಹಾಕಿಕೊಂಡು ಕೂತರೆ ಹಿತ್ತಲ ದಾರಿಯೇ ಹರಟೆಯ ಜಗಲಿ. ನನ್ನನ್ನು ಕೇಳಿದರೆ, ಐಸನ್‌ಹೈಮ್‌ನ ವಾಸ್ತುಶಿಲ್ಪ ನೋಡಬೇಕಾದ್ದು ಬೀದಿ ಕಡೆಯಿಂದ ಅಲ್ಲ, ಈ ಹಿತ್ತಲ ಕಡೆಯಿಂದ.

ಎರಡನೇ ಮಹಾಯುದ್ಧದ ಬಾಂಬಿಗೆ ಕೆಲವು ಮನೆ ಹೋದವು. ಆಮೇಲೆ ಉಳಿದದ್ದನ್ನೂ ಕೆಡವಿ ದೊಡ್ಡ ಕಟ್ಟಡ ಏರಿಸುವ ಯೋಜನೆ ಬಂತು. ಹಳೇ ಮನೆ, ಹೊರಗಡೆ ಶೌಚಾಲಯ, ಇಟ್ಟುಕೊಂಡು ಏನು ಮಾಡೋದು ಅನ್ನುವ ಧಾಟಿ. 1972ರ ಹೊತ್ತಿಗೆ ನಿವಾಸಿಗಳೇ ಒಟ್ಟಾಗಿ ಎದ್ದು ನಿಂತರು. ಕಲಾ ಇತಿಹಾಸಕಾರ ರೋಲಾಂಡ್ ಗುಂಟರ್ ತಮ್ಮ ವಿದ್ಯಾರ್ಥಿಗಳ ಜೊತೆ ಬೆನ್ನಿಗೆ ನಿಂತರು. ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಮಾತಾಡುತ್ತಾರೆ ಅನ್ನುವುದನ್ನೆಲ್ಲ ಅವರು ಬರೆದಿಟ್ಟರು. ಮುಂದೆ ಗುಂಟರ್ ಸುಮ್ನೆ ಹೊರಗಿನವರಾಗಿ ಉಳಿಯಲಿಲ್ಲ, ಅಲ್ಲೇ ಬಂದು ನೆಲೆಸಿದರು.

ಕೆಡವುವುದು ನಿಂತಿತು. ಮನೆಗಳನ್ನು ದುರಸ್ತಿ ಮಾಡಿದರು. ಬಟ್ಟೆ ಒಗೆಯುತ್ತಿದ್ದ ಒಂದು ಮನೆ ಜನರ ಸಭೆಯ ಜಾಗವಾಯಿತು, ಇನ್ನೊಂದು ಪುಟ್ಟ ವಸ್ತುಸಂಗ್ರಹಾಲಯ. ಉಳಿದ ಮನೆಗಳಲ್ಲಿ ಈಗಲೂ ಸಂಸಾರಗಳು ಬಾಡಿಗೆಗಿವೆ. ನೋಡಲು ಹೋಗುವವರು ಬೇಲಿಯ ಈಚೆ ನಿಲ್ಲುವುದು ಒಳ್ಳೆಯದು. ನಮಸ್ಕಾರ.