ಶಾಬ್ಬಾಸ್ ಅನ್ನುವ ಮೊದಲು ಐದು ನಿಮಿಷ ತಡೀರಿ

(ಬಾಗಲಕೋಟೆಯ ನವನಗರದಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಹುನಗುಂದ, ಬೀಳಗಿ, ಬಾದಾಮಿ ಕಡೆಯಿಂದ ಮುಂಜಾನೆಯ ಬಸ್ಸು ಹಿಡಿದು ಬಂದ ಅಂಗನವಾಡಿ ಅಕ್ಕೋರಿಗೆ, ಕೂಸುಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿರುವ ತಾಯಂದಿರಿಗೆ ಶರಣು ಶರಣಾರ್ಥಿ.

ಕರಪತ್ರದಲ್ಲಿ ‘ಮಾಂಟೆಸ್ಸರಿ ಶಿಕ್ಷಣದ ಲಾಭಗಳು’ ಅಂತ ಅಚ್ಚಾಗಿದೆ. ಮಾಂಟೆಸ್ಸರಿ ಅಂದರೆ ಮಗು ಸಾಮಗ್ರಿ ಕೈಯಲ್ಲಿ ಹಿಡಿದು ತಾನೇ ಮಾಡುತ್ತ ಕಲಿಯುವ ಪದ್ಧತಿ. ಲಾಭದ ಮಾತಿಗಿಂತ ಮೊದಲು ನಿಮ್ಮಲ್ಲಿ ಒಂದು ಬೇಡಿಕೆ. ಇವತ್ತು ಮನೆಗೆ ಹೋದಾಗ ಮಗು ಏನೋ ಒಂದು ಕೆಲಸದಲ್ಲಿ ಮುಳುಗಿದ್ದು ಕಂಡರೆ, ಡಬ್ಬಿಗೆ ಮುಚ್ಚಳ ಹಾಕಿ ತೆಗೆಯುತ್ತಿರಲಿ, ರೊಟ್ಟಿ ಹಿಟ್ಟಿನ ಚೂರು ತಟ್ಟುತ್ತಿರಲಿ, ಐದು ನಿಮಿಷ ಏನೂ ಅನ್ನಬೇಡಿ. ಬೈಗುಳ ಹೇಗೂ ಬೇಡ. ‘ಶಾಬ್ಬಾಸ್’ ಅಂತಲೂ ಅನ್ನಬೇಡಿ. ನಾನು ಇವತ್ತು ಹೇಳಬೇಕೆಂದಿರುವ ಲಾಭಗಳೆಲ್ಲ ಆ ಐದು ನಿಮಿಷದೊಳಗೇ ಇವೆ.

ರೋಮ್ ನಗರದ ಸ್ಯಾನ್ ಲೊರೆಂಜೊ ಅಂದರೆ ಆಗ ದುಡಿದು ತಿನ್ನುವವರ ಓಣಿ. ತಂದೆತಾಯಿ ಕೂಲಿಗೆ ಹೋದರೆ ಸಣ್ಣ ಮಕ್ಕಳು ಮೆಟ್ಟಿಲ ಮೇಲೆ, ಅಂಗಳದಲ್ಲಿ, ಗೋಡೆ ಗೀಚುತ್ತ ಇರುತ್ತಿದ್ದವು. ಕಟ್ಟಡ ಹಾಳಾಗುತ್ತದೆ ಅಂತ ಮಾಲೀಕರಿಗೆ ಚಿಂತೆ. ಒಂದು ಕೋಣೆಯಲ್ಲಿ ಅವನ್ನು ಕೂಡಿಸಿ ನೋಡಿಕೊಳ್ಳುವವರು ಬೇಕಾಗಿದ್ದರು. ಡಾಕ್ಟರ್ ಮರಿಯಾ ಮಾಂಟೆಸ್ಸರಿ ಒಪ್ಪಿಕೊಂಡರು. 1907ರ ಜನವರಿ 6ರಂದು ‘ಮಕ್ಕಳ ಮನೆ’ ಬಾಗಿಲು ತೆರೆಯಿತು. ಈ ಪದ್ಧತಿ ಹುಟ್ಟಿದ್ದೇ ಬಡವರ ಮಕ್ಕಳ ನಡುವೆ ಅನ್ನುವುದನ್ನು ನೆನಪಿಡಿ. ಇವತ್ತು ಮಾಂಟೆಸ್ಸರಿ ಅಂದ ಕೂಡಲೇ ಶುಲ್ಕದ ರಸೀತಿ ಕಣ್ಣಿಗೆ ಬರುತ್ತದೆ. ಅದು ನೋವಿನ ಸಂಗತಿ.

ಅಲ್ಲಿ ಮೂರು ವರ್ಷದ ಒಂದು ಹುಡುಗಿ ಇತ್ತು. ಅದರ ಮುಂದೆ ಒಂದು ಮರದ ದಿಂಡು. ದಿಂಡಿನಲ್ಲಿ ಹತ್ತು ಕುಳಿ, ಹತ್ತು ಕುಳಿಗೆ ಹತ್ತು ಗುಂಡಗಿನ ಬಿಲ್ಲೆ, ಪ್ರತಿ ಬಿಲ್ಲೆಗೂ ಹಿಡಿಯಲು ತಲೆಯ ಮೇಲೊಂದು ಸಣ್ಣ ಗುಬ್ಬಿ. ಕಿರಾಣಿ ಅಂಗಡಿಯ ತಕ್ಕಡಿಯ ಕಲ್ಲುಗಳಿಗೆ ಹಳೇ ಮರದ ಪೆಟ್ಟಿಗೆ ಇರುತ್ತಿತ್ತಲ್ಲ, ನೂರು ಗ್ರಾಮಿನದ್ದಕ್ಕೆ ಅದರದೇ ಕುಳಿ, ಐವತ್ತರದ್ದಕ್ಕೆ ಅದರದೇ ಕುಳಿ? ಹಾಗೆ. ದಪ್ಪನೆಯದು ಸಣ್ಣ ಕುಳಿಗೆ ಇಳಿಯುವುದಿಲ್ಲ. ಸಣ್ಣದನ್ನು ದೊಡ್ಡ ಕುಳಿಗೆ ಹಾಕಿದರೆ ಇಳಿಯುತ್ತದೆ, ಆದರೆ ಕೊನೆಗೆ ಒಂದು ಬಿಲ್ಲೆ ಕುಳಿಯಿಲ್ಲದೆ ಕೈಯಲ್ಲೇ ಉಳಿಯುತ್ತದೆ. ತಪ್ಪು ಎಲ್ಲಿದೆ ಅಂತ ಮರವೇ ತೋರಿಸುತ್ತದೆ, ಅಕ್ಕೋರು ಬಾಯಿ ಬಿಡಬೇಕಾಗಿಲ್ಲ.

ಹುಡುಗಿ ಹತ್ತೂ ಬಿಲ್ಲೆ ತೆಗೆಯಿತು, ಕಲಸಿತು, ಹಾಕಿತು. ಮತ್ತೆ ತೆಗೆಯಿತು. ಮಾಂಟೆಸ್ಸರಿ ಎಣಿಸತೊಡಗಿದರು. ಆಮೇಲೆ, ಇದರ ಮನಸ್ಸು ಎಷ್ಟು ಗಟ್ಟಿ ನೋಡೋಣ ಅಂತ, ಉಳಿದ ಮಕ್ಕಳನ್ನು ಸುತ್ತಲೂ ಹಾಡಿಸಿ ಕುಣಿಸಲು ಅಲ್ಲಿನ ಅಕ್ಕೋರಿಗೆ ಹೇಳಿದರು. ಹುಡುಗಿ ತಲೆ ಎತ್ತಲಿಲ್ಲ. ಆಗ ಅದು ಕೂತಿದ್ದ ಪುಟ್ಟ ಕುರ್ಚಿಯನ್ನೇ ಮೆಲ್ಲಗೆ ಎತ್ತಿ ಮೇಜಿನ ಮೇಲೆ ಇಟ್ಟರು. ಅದು ಗಾಬರಿಯಾಗಿ ಅಳಲಿಲ್ಲ. ದಿಂಡನ್ನು ಅವಚಿ ತೊಡೆಯ ಮೇಲೆ ಇಟ್ಟುಕೊಂಡು ಕೆಲಸ ಮುಂದುವರಿಸಿತು. ನಲವತ್ತಕ್ಕೂ ಹೆಚ್ಚು ಸಲ! ಆಮೇಲೆ ಯಾರೂ ಹೇಳದೆ ತಾನಾಗಿ ನಿಲ್ಲಿಸಿತು. ಒಳ್ಳೇ ನಿದ್ದೆಯಿಂದ ಎದ್ದ ಕೂಸಿನ ಹಾಗೆ ಸುತ್ತ ನೋಡಿತು, ನಕ್ಕಿತು. ಮುಖದಲ್ಲಿ ಆಯಾಸ ಇರಲಿಲ್ಲ.

ನಲವತ್ತು ಸಲ ಯಾಕೆ? ದೊಡ್ಡವರಿಗೆ ಕೆಲಸ ಅಂದರೆ ಮುಗಿಸುವುದು. ಅಂಗಳ ಗುಡಿಸಿದರೆ ಕಸ ಹೋಗಬೇಕು, ಅಲ್ಲಿಗೆ ಮುಗೀತು. ಮಗುವಿಗೆ ಕಸದ ಹಂಗಿಲ್ಲ. ಅದು ಗುಡಿಸುತ್ತ ಗುಡಿಸುತ್ತ ತನ್ನ ಕೈಯನ್ನು, ಕಣ್ಣನ್ನು, ಮನಸ್ಸನ್ನು ಕಟ್ಟಿಕೊಳ್ಳುತ್ತಿರುತ್ತದೆ. ಈಗ ನಡುವೆ ಯಾರೋ ಬಂದು ‘ಶಾಬ್ಬಾಸ್ ಪುಟ್ಟಿ!’ ಅಂದರು ಅನ್ನಿ. ಕಣ್ಣು ಕೆಲಸದಿಂದ ಅವರ ಮುಖಕ್ಕೆ ಬಂತು. ಹನ್ನೊಂದನೇ ಸಲ ಮಾಡುವಾಗ ಅದು ನಿಮ್ಮ ಕಡೆ ನೋಡುತ್ತ ಮಾಡುತ್ತದೆ. ಹನ್ನೆರಡನೇ ಸಲ ನೀವು ನೋಡದಿದ್ದರೆ ಬಿಟ್ಟುಬಿಡುತ್ತದೆ. ಪ್ರೀತಿಯಿಂದಲೇ ಅಂದಿರಿ, ಆದರೆ ಎಳೆ ಹರಿಯಿತು. ಇಳಕಲ್ಲಿನವರು ಇಲ್ಲಿದ್ದೀರಿ. ಮಗ್ಗದ ಮೇಲೆ ಲಾಳಿ ಓಡುವಾಗ ನೇಕಾರನ ಭುಜ ತಟ್ಟಿ ‘ಭಾಳ ಚೊಲೋ ನೇಯಾಕತ್ತೀರಿ’ ಅಂತ ಯಾರಾದರೂ ಅನ್ನುತ್ತಾರೇನು?

‘ಹಂಗಾರ ಮಗೂಗೆ ಏನೂ ಹೇಳಬಾರದೇನ್ರಿ?’ ಅಂತ ಕೇಳುತ್ತೀರಿ. ಹೇಳಿ, ಅದು ಮುಗಿಸಿ ಎದ್ದ ಮೇಲೆ ಹೇಳಿ. ‘ಎಲ್ಲಾ ಬಿಲ್ಲೆ ಕುಳಿ ಸೇರಿದವು’ ಅಂತ ಕಂಡದ್ದನ್ನು ಹೇಳಿದರೆ ಸಾಕು.

ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಪೂರ್ತಿ ಹೇಳುತ್ತೇನೆ, ಬರೆದುಕೊಳ್ಳಿ. ಕಾಳು ಸುರಿಯುವುದು. ಎರಡು ಸಣ್ಣ ತಂಬಿಗೆ, ಒಂದೇ ಅಳತೆಯವು, ಮಗುವಿನ ಎರಡೂ ಅಂಗೈಗೆ ಹಿಡಿಯುವಷ್ಟು. ಒಂದರಲ್ಲಿ ಮೂರನೇ ಒಂದು ಭಾಗ ಜೋಳ. ಕೆಳಗೆ ಅಂಚಿರುವ ತಾಟು. ತಾಟಿನ ಪಕ್ಕದಲ್ಲಿ ಅಂಗೈಯಗಲದ ಬ್ರಷ್ ಒಂದು. ಇಷ್ಟೇ. ನೀವು ಮಗುವಿನ ಬಲಗಡೆ ಕೂತು ಒಂದು ಸಲ ಮಾಡಿ ತೋರಿಸಿ. ನೀವು ಬಲಗೈಯವರಾಗಿದ್ದು ಎಡಗಡೆ ಕೂತರೆ ನಿಮ್ಮ ತೋಳೇ ಅಡ್ಡವಾಗಿ ಅದಕ್ಕೆ ಏನೂ ಕಾಣುವುದಿಲ್ಲ. ನಿಧಾನ ಎತ್ತಿ, ಬಾಯಿ ಬಾಯಿಗೆ ತಂದು, ಬಾಗಿಸಿ, ಕೊನೇ ಕಾಳು ಬೀಳುವವರೆಗೂ ಕಾಯಿರಿ. ಮಾತಾಡಬೇಡಿ. ಮಾತಾಡಿದರೆ ಅದು ನಿಮ್ಮ ಬಾಯಿ ನೋಡುತ್ತದೆ, ಕೈ ನೋಡುವುದಿಲ್ಲ.

ಇದರಲ್ಲಿ ಕೆಡುವುದು ಎಲ್ಲಿ? ತಂಬಿಗೆ ತುಂಬ ಕಾಳು ಹಾಕುವುದು ಮೊದಲನೇ ತಪ್ಪು, ಎರಡನೇ ಸಲಕ್ಕೇ ಚೆಲ್ಲಿ ಮಗು ಬೇಸರಪಡುತ್ತದೆ. ಪ್ಲಾಸ್ಟಿಕ್ ಮಗ್ಗು ಕೊಡುವುದು ಎರಡನೇ ತಪ್ಪು. ಹಗುರ ಇರುತ್ತದೆ, ಎಷ್ಟು ಬಾಗಿತು ಅಂತ ಮಣಿಕಟ್ಟಿಗೆ ಗೊತ್ತಾಗುವುದಿಲ್ಲ. ಹಿತ್ತಾಳೆ, ಸ್ಟೀಲು ಚೊಲೋ. ನಮ್ಮ ಬಿಳಿಜೋಳಕ್ಕೆ ಬಿಳಿ ತಾಟು ಇಟ್ಟರೆ ಚೆಲ್ಲಿದ ಕಾಳು ಕಾಣುವುದಿಲ್ಲ. ಗಾಢ ಬಣ್ಣದ್ದು ಇಡಿ, ಕಾಳು ಕಂಡರೆ ಅದೇ ಆರಿಸುತ್ತದೆ. ಚೆಲ್ಲಿದಾಗ ಕೂಡಲೇ ‘ಬಿಡವ್ವ, ನಾ ಬಳೀತೀನಿ’ ಅಂತ ಅವ್ವ ಬರುತ್ತಾಳೆ. ಬ್ರಷ್ ಇಟ್ಟದ್ದು ಮಗುವಿಗೆ. ಒಂದೆರಡು ವಾರ ಕಾಳಿನಲ್ಲಿ ಕೈ ಪಳಗಿದ ಮೇಲೆ ನೀರು. ನೀರಿಗೆ ಬ್ರಷ್ ಬದಲು ಅರಿವೆ ತುಂಡು. ಒಂದು ಎಚ್ಚರಿಕೆ: ಮೂರು ತುಂಬದ ಕೂಸಿಗೆ ಕಾಳು ಕೊಡಬೇಡಿ, ಬಾಯಿಗೆ ಹಾಕುತ್ತದೆ, ಮೂಗಿಗೆ ತುರುಕುತ್ತದೆ. ಮೂರು ದಾಟಿದವಕ್ಕೂ ದೊಡ್ಡವರು ಹತ್ತಿರ ಇರಬೇಕು, ಬಾಯಿ ಮುಚ್ಚಿಕೊಂಡು.

ಈಗ ಎಲ್ಲ ಪಾಲಕರ ಪ್ರಶ್ನೆ: ‘ನಮ್ಮ ಹುಡುಗ ಯಾವಾಗ ಬರೀತಾನ್ರಿ?’ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬು. ಮೂರು ವರ್ಷಕ್ಕೆ ಅವುಗಳಲ್ಲಿ ಹಲವು ಇನ್ನೂ ಗಟ್ಟಿಯಾಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿಯಾಗಿಯೇ ಇರುತ್ತವೆ. ಆ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆ ಪುಸ್ತಕ ತುಂಬಿಸಿ ಅಂದರೆ ಮಗು ಮುಷ್ಟಿ ಕಟ್ಟಿ ಒತ್ತಿ ಬರೆಯುತ್ತದೆ, ಆ ಹಿಡಿತ ಮುಂದೆ ಬಿಡಿಸುವುದು ಕಷ್ಟ. ಆಗಲೇ ಹೇಳಿದೆನಲ್ಲ, ಬಿಲ್ಲೆಯ ಗುಬ್ಬಿ, ಅದನ್ನು ಹಿಡಿಯುವುದು ಯಾವ ಬೆರಳಲ್ಲಿ? ಹೆಬ್ಬೆಟ್ಟು, ತೋರುಬೆರಳು, ನಡುಬೆರಳು. ಪೆನ್ಸಿಲ್ ಹಿಡಿಯುವುದೂ ಅದೇ ಮೂರರಲ್ಲಿ. ನಲವತ್ತು ಸಲ ಗುಬ್ಬಿ ಹಿಡಿದವಳು ಒಂದಕ್ಷರ ಬರೆಯದೆ ಬರವಣಿಗೆಯ ತಯಾರಿ ಮಾಡಿದಳು.

ಆಮೇಲೆ ಉಪ್ಪುಕಾಗದದ ಅಕ್ಷರ. ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್ ಪೇಪರ್ ಅಂತ ಕೇಳಿ, 120 ನಂಬರಿನದು. ಅದಕ್ಕಿಂತ ಒರಟು ತಂದರೆ ಬೆರಳು ಉರಿಯುತ್ತದೆ, ಮಗು ಎರಡನೇ ಸಲ ಮುಟ್ಟುವುದಿಲ್ಲ. ಅಕ್ಷರ ಕತ್ತರಿಸಿ ನುಣುಪಾದ ಹಲಗೆಗೆ ಅಂಟಿಸಿ. ತೋರುಬೆರಳು, ನಡುಬೆರಳು ಕೂಡಿಸಿ, ಬರೆಯುವ ದಿಕ್ಕಿನಲ್ಲೇ ತಿದ್ದುತ್ತ ಧ್ವನಿ ಹೇಳಬೇಕು. ಇಲ್ಲಿ ನಮ್ಮ ಭಾಷೆಗೆ ಒಂದು ದೊಡ್ಡ ಅನುಕೂಲ ಇದೆ. ಇಂಗ್ಲಿಷ್‌ನಲ್ಲಿ ಅಕ್ಷರದ ಹೆಸರು ‘ಎಚ್’, ಅದರ ಧ್ವನಿ ‘ಹ್’. ಮಗು ಎರಡನ್ನೂ ಕಲಿಯಬೇಕು. ನಮ್ಮಲ್ಲಿ ‘ಗ’ ಅಕ್ಷರದ ಹೆಸರೂ ಗ, ಧ್ವನಿಯೂ ಗ. ಹೀಗಿದ್ದೂ ಮಾಂಟೆಸ್ಸರಿ ಅಂದರೆ ಇಂಗ್ಲಿಷ್ ಅಂತ ಯಾಕೆ ತಿಳಿದುಕೊಂಡಿದ್ದೇವೆ?

ಅ ಆ ಇ ಈ ಅಂತ ವರ್ಣಮಾಲೆಯ ಸಾಲಿನಲ್ಲೇ ಹೋಗಬೇಡಿ. ಸರ್ಕಾರಿ ಶಾಲೆಯ ಸಣ್ಣ ತರಗತಿಗಳ ನಲಿಕಲಿಯವರು ಮಾಡುವ ಹಾಗೆ ರ, ಗ, ಸ, ದ, ಅ ಇಂದ ಶುರು ಮಾಡಿ. ಐದೇ ಅಕ್ಷರಕ್ಕೆ ಸರ, ದರ, ಅರಸ, ಗರಗಸ ಎಲ್ಲ ಬಂದವು. ಕತ್ತರಿಸಿದ ಬಿಡಿ ಅಕ್ಷರ ನೆಲದ ಮೇಲೆ ಜೋಡಿಸಿ ಮಗು ಪದ ಕಟ್ಟಲಿ. ಗ, ರ, ಸ ಮೂರು ನಾಲ್ಕು ಪ್ರತಿ ಬೇಕು, ಇಲ್ಲದಿದ್ದರೆ ‘ಗರಗಸ’ ಅರ್ಧಕ್ಕೇ ನಿಲ್ಲುತ್ತದೆ. ಕಾಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ.

ಹೆಸರು ಕಲಿಸುವಾಗ ಮೂರು ಹೆಜ್ಜೆ. ‘ಇದು ರ, ಇದು ಗ’. ಮುಂದೆ ‘ಗ ಎಲ್ಲಿದೆ, ನನ್ನ ಕೈಗೆ ಕೊಡು, ರ ಕಿಟಕಿಯ ಹತ್ತಿರ ಇಟ್ಟು ಬಾ’. ಕೊನೆಗೆ ‘ಇದು ಯಾವುದು?’ ಎಲ್ಲರೂ ಎಡವುವುದು ನಡುವಿನ ಹೆಜ್ಜೆಯಲ್ಲಿ. ಒಂದು ಸಲ ಹೇಳಿ ನೇರ ‘ಇದು ಯಾವುದು, ಹೇಳು ಹೇಳು’ ಅಂತ ಕೂರುತ್ತೇವೆ. ಎರಡನೇ ಹೆಜ್ಜೆಯೇ ಎಲ್ಲಕ್ಕಿಂತ ಉದ್ದ ಇರಬೇಕು. ಮಗು ತಪ್ಪು ಹೇಳಿತೇ? ತಿದ್ದಬೇಡಿ, ತಪ್ಪು ಅನ್ನಲೂ ಬೇಡಿ. ಎತ್ತಿಟ್ಟು ನಾಳೆ ಮೊದಲಿನಿಂದ ಮಾಡಿ.

ಇದರಿಂದ ನಿಜಕ್ಕೂ ಪ್ರಯೋಜನ ಇದೆಯೇ, ಇಲ್ಲವೇ ಓದಿದ ತಂದೆತಾಯಿಯ ಮಕ್ಕಳು ಹೇಗೂ ಜಾಣರಿರುತ್ತಾರೋ? ನ್ಯಾಯವಾದ ಪ್ರಶ್ನೆ. ಅಮೆರಿಕದ ಮಿಲ್ವಾಕೀ ನಗರದಲ್ಲಿ ಮಾಂಟೆಸ್ಸರಿ ಸರ್ಕಾರಿ ಶಾಲೆಗೆ ಚೀಟಿ ಎತ್ತಿ ಸೀಟು ಕೊಡುತ್ತಿದ್ದರು. ಸಂಶೋಧಕಿಯರಾದ ಆಂಜೆಲಿನ್ ಲಿಲ್ಲಾರ್ಡ್ ಮತ್ತು ನಿಕೋಲ್ ಎಲ್ಸ್-ಕ್ವೆಸ್ಟ್ ಚೀಟಿ ಬಂದವರನ್ನೂ ಬಾರದವರನ್ನೂ ಹೋಲಿಸಿ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಎರಡೂ ಕಡೆ ಅರ್ಜಿ ಹಾಕಿದ ಪಾಲಕರೇ. ಐದು ವರ್ಷದವರಲ್ಲಿ ಮಾಂಟೆಸ್ಸರಿ ಮಕ್ಕಳು ಅಕ್ಷರ, ಪದ ಗುರುತಿಸುವುದರಲ್ಲಿ, ಲೆಕ್ಕದಲ್ಲಿ, ನಿಯಮ ಬದಲಾದಾಗ ಮನಸ್ಸು ತಡೆದು ಹೊಂದಿಕೊಳ್ಳುವುದರಲ್ಲಿ ಮುಂದಿದ್ದರು. ಜಗಳ ಬಂದಾಗ ನ್ಯಾಯದ ಮಾತಾಡುವುದರಲ್ಲೂ ಮುಂದಿದ್ದರು. 2012ರ ಇನ್ನೊಂದು ಅಧ್ಯಯನ ಇದಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಮಾಂಟೆಸ್ಸರಿ ಸಾಮಗ್ರಿ ಇಟ್ಟು ಅದರ ಜೊತೆ ವರ್ಕ್‌ಶೀಟು, ಆಟಿಕೆ ಬೆರೆಸಿದ ಶಾಲೆಗಳಲ್ಲಿ ಆ ಮುನ್ನಡೆ ಇರಲಿಲ್ಲ.

ಆದ್ದರಿಂದ ಬೋರ್ಡು ನೋಡಿ ಸೇರಿಸಬೇಡಿ. ಆ ಹೆಸರು ಯಾರೊಬ್ಬರ ಸ್ವತ್ತಲ್ಲ, ಯಾರು ಬೇಕಾದರೂ ಬರೆಸಬಹುದು. ಮುಂಜಾನೆ ಹತ್ತಕ್ಕೆ ಹೋಗಿ ಬಾಗಿಲಲ್ಲಿ ಅರ್ಧ ತಾಸು ನಿಲ್ಲಿ. ಕಪಾಟು ಮಗುವಿನ ಎದೆಯ ಎತ್ತರದಲ್ಲಿ ತೆರೆದಿದೆಯೋ, ಗಾಜಿನ ಹಿಂದೆ ಬೀಗದಲ್ಲಿದೆಯೋ? ಸ್ಯಾನ್ ಲೊರೆಂಜೊದಲ್ಲಿ ಒಂದು ದಿನ ಅಕ್ಕೋರು ಕಪಾಟಿಗೆ ಬೀಗ ಹಾಕುವುದು ಮರೆತಿದ್ದರು. ಮಕ್ಕಳು ತಾವೇ ಬೇಕಾದದ್ದು ತೆಗೆದುಕೊಂಡು ಕೂತಿದ್ದವು. ಅಂದಿನಿಂದ ಬೀಗ ಹೋಯಿತು. ಪ್ರತಿ ಸಾಮಗ್ರಿ ಒಂದೊಂದೇ ಇದೆಯೋ? ಒಂದೇ ಇದ್ದರೆ ಕಾಯುವುದು ಕಲಿಯುತ್ತವೆ. ಎರಡೂವರೆ, ಮೂರು ತಾಸು ಗಂಟೆ ಹೊಡೆಯದೆ ಬಿಡುತ್ತಾರೋ? ಮೂವತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದರೆ ಅದೂ ನಾನು ಹೇಳಿದ ಶಾಬ್ಬಾಸ್ ಇದ್ದ ಹಾಗೆ, ಎಳೆ ಹರಿಯುತ್ತದೆ.

ಅಂಗನವಾಡಿ ಅಕ್ಕೋರೇ, ಮುಖ್ಯ ಮಾತು ನಿಮಗೆ. 2024ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಅಂಗನವಾಡಿಗಳಿಂದ ‘ಸರ್ಕಾರಿ ಮಾಂಟೆಸ್ಸರಿ’ ಶುರು ಮಾಡಿತು. ನಿಮ್ಮ ಕೇಂದ್ರದಲ್ಲಿ ಈಗಾಗಲೇ ಮೂರರಿಂದ ಆರು ವರ್ಷದವು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಕೂರುತ್ತವೆ. ದುಡ್ಡು ಕೊಟ್ಟು ಓದಿಸುವ ಎಷ್ಟೋ ಕಡೆ ಇದಿಲ್ಲ. ಐದರ ಹುಡುಗಿ ಮೂರರ ಹುಡುಗನ ಗುಂಡಿ ಹಾಕುವುದೇ ಪಾಠ. ಎಲ್‌ಕೆಜಿ ಆ ಮೂಲೆ, ಯುಕೆಜಿ ಈ ಮೂಲೆ ಅಂತ ಅವನ್ನು ಒಡೆಯಬೇಡಿ. ಮಧ್ಯಾಹ್ನದ ಊಟ ಬಡಿಸುವುದು, ತಾಟು ಎಣಿಸಿಡುವುದು ಮಕ್ಕಳ ಕೈಗೇ ಕೊಡಿ. 1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿ ಮಾಂಟೆಸ್ಸರಿಯವರ ತರಬೇತಿ ಕೇಂದ್ರಕ್ಕೆ ಹೋದಾಗ ಆಸೆಪಟ್ಟದ್ದೂ ಇದನ್ನೇ, ಈ ಶಿಕ್ಷಣ ಕಡುಬಡವರ ಮಕ್ಕಳಿಗೂ ಸಿಗಲಿ ಅಂತ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಗಣಿತದ ಮಣಿಗಳು, 1939ರಲ್ಲಿ ಮಾಂಟೆಸ್ಸರಿಯವರು ಮದ್ರಾಸಿನ ಅಡ್ಯಾರಿಗೆ ಬಂದದ್ದು, ಯುದ್ಧದಿಂದ ವರ್ಷಗಟ್ಟಲೆ ಇಲ್ಲೇ ಉಳಿದು ತರಬೇತಿ ಕೊಟ್ಟದ್ದು, ಈ ಪದ್ಧತಿಯನ್ನು ಗುಜರಾತಿನಲ್ಲಿ ಬೆಳೆಸಿದ ಭಾವನಗರದ ಗಿಜುಭಾಯಿ ಬಧೇಕಾ, ಎಲ್ಲ ಹೇಳಬೇಕಿತ್ತು. ಇನ್ನೊಮ್ಮೆ ಆಗಲಿ. ಬಟ್ಟೆಯ ಪೆಟ್ಟಿಗೆ ಒಂದನ್ನು ಹೇಳಿ ಮುಗಿಸುತ್ತೇನೆ. ಟೇಲರ್ ಅಂಗಡಿಯ ಉಳಿದ ತುಂಡು ತನ್ನಿ: ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಸೆರಗು, ಕಂಬಳಿ, ಖಾದಿ, ತೆಳುವಾದ ಮಲ್ಲು ಬಟ್ಟೆ. ಒಂದೊಂದರಲ್ಲಿ ಗೇಣಿಗಿಂತ ಸಣ್ಣ ಎರಡು ಚೌಕ, ಎಲ್ಲ ಒಂದೇ ಅಳತೆ. ಅಳತೆ ಬೇರೆ ಆದರೆ ಮಗು ನೇಯ್ಗೆ ಬಿಟ್ಟು ಅಂಚು ಹಿಡಿದು ಜೋಡಿ ಮಾಡುತ್ತದೆ. ಕಣ್ಣು ಮುಚ್ಚಿ ಬೆರಳಲ್ಲೇ ಜೋಡಿ ಹುಡುಕಬೇಕು. ಮೊದಲ ದಿನ ಮೂರೇ ಜೋಡಿ ಸಾಕು, ಕಂಬಳಿ ಅದರಲ್ಲಿ ಇರಲಿ.

ಹೊರಗೆ ಪಡಸಾಲೆಯಲ್ಲಿ ಈ ಪೆಟ್ಟಿಗೆ, ಜೋಳದ ತಂಬಿಗೆ, ಐದು ಅಕ್ಷರದ ಹಲಗೆ ಇಟ್ಟಿದ್ದೇವೆ. ಒಬ್ಬೊಬ್ಬರಾಗಿ ಬಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಾಡಿ ನೋಡಿ. ನೀವು ಜೋಡಿಸುತ್ತಿರುವಾಗ ಯಾರೂ ಮಾತಾಡಿಸುವುದಿಲ್ಲ.