ಬಗ್ಗಿಸಿದರೂ ಬೀಳದ ಕಾಫಿ

ವಿದ್ಯಾರ್ಥಿಗಳೇ, ತೋಟದ ಕೆಲಸ ಬಿಟ್ಟು ಮಡಿಕೇರಿಯವರೆಗೆ ಬಂದಿರುವ ಹಿರಿಯರೇ, ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ ಕುಡಿದೇ ಬಂದಿರುತ್ತೀರಿ. ಲೋಟವನ್ನು ತುಟಿಗಿಟ್ಟು ಬಗ್ಗಿಸಿದಿರಿ, ಕಾಫಿ ತಾನಾಗಿ ಬಾಯಿಗೆ ಬಂತು. ಆ ‘ತಾನಾಗಿ’ ಎಂಬುದರ ಬಗ್ಗೆಯೇ ಇಂದು ಮಾತನಾಡುತ್ತೇನೆ.

ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಲೋಟ ಬಗ್ಗಿಸಿದರೆ ಕಾಫಿ ಕದಲುವುದಿಲ್ಲ. ಅಲ್ಲಿ ಗುರುತ್ವವೇ ಇಲ್ಲವೆಂದು ಅನೇಕರು ನಂಬಿದ್ದಾರೆ. ಪಾಠ ಹೇಳುವ ನನಗೆ ಬಹಳ ನೋವು ಕೊಡುವ ತಪ್ಪು ತಿಳಿವಳಿಕೆ ಇದು. ನೆಲದ ಮೇಲಿರುವ ಗುರುತ್ವದ ಸುಮಾರು ಶೇ 90ರಷ್ಟು ಅಲ್ಲೂ ಇದೆ! ರಾಜಾಸೀಟಿನ ಅಂಚಿನಿಂದ ಕಲ್ಲೆಸೆಯುವುದನ್ನು ಊಹಿಸಿಕೊಳ್ಳಿ. ಜೋರಾಗಿ ಎಸೆದಷ್ಟೂ ದೂರ ಹೋಗಿ ಬೀಳುತ್ತದೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದ ನಿಲ್ದಾಣವೂ ಬೀಳುತ್ತಲೇ ಇದೆ. ಅದು ಬಿದ್ದಷ್ಟೇ ಭೂಮಿಯ ಮೈಯೂ ಬಾಗಿ ಸರಿಯುವುದರಿಂದ ನೆಲ ಮುಟ್ಟುವುದಿಲ್ಲ, ಅಷ್ಟೇ. ಕಾಫಿಯೂ ಲೋಟವೂ ಕುಡಿಯುವವರೂ ಒಟ್ಟಿಗೆ ಬೀಳುವಾಗ ಯಾವುದರ ಭಾರವೂ ಯಾವುದರ ಮೇಲೂ ಬೀಳದು.

ಹಾಗಾಗಿ ಮನೆಗೆಲಸದ ಲೆಕ್ಕವೇ ಬೇರೆಯಾಗುತ್ತದೆ. ಬ್ರೆಡ್ಡಿನ ಪುಡಿ ತೇಲಿ ಕಣ್ಣಿಗೋ ಯಂತ್ರಕ್ಕೋ ಸೇರುತ್ತದೆ. ಆದ್ದರಿಂದ ಅಲ್ಲಿ ಮೆಕ್ಸಿಕೋದ ಟೋರ್ಟಿಯಾ ರೊಟ್ಟಿ ತಿನ್ನುತ್ತಾರೆ. ಮೆತ್ತಗಿನ ನಮ್ಮ ಅಕ್ಕಿರೊಟ್ಟಿಯೂ ಅಲ್ಲಿಗೆ ಚೆನ್ನಾಗಿ ಹೊಂದುತ್ತದೆಂದು ನನ್ನ ನಂಬಿಕೆ. ಉಪ್ಪನ್ನು ನೀರಿನಲ್ಲಿ ಕರಗಿಸಿ ಹನಿಸುತ್ತಾರೆ. ಬಿಸಿ ಉಸಿರು ಮೇಲೇರದೆ ಮುಖದ ಬಳಿಯೇ ನಿಲ್ಲಬಹುದು. ಮಲಗುವ ಜಾಗದಲ್ಲೂ ಗಾಳಿಯಾಡಿಸುವ ಫ್ಯಾನ್ ಬೇಕು.

ಕಾಫಿಯನ್ನು ಮುಚ್ಚಿದ ಚೀಲದಿಂದ ನಳಿಗೆಯಲ್ಲಿ ಹೀರಬೇಕು. ಪರಿಮಳವಿಲ್ಲದ ಕಾಫಿ! ಕಾಫಿ ಬೆಳೆಯುವ ನಮಗೆ ಆ ನಷ್ಟ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಗಗನಯಾತ್ರಿ ಡಾನ್ ಪೆಟಿಟ್ ಅವರಿಗೂ ಅದು ಒಗ್ಗಲಿಲ್ಲ. 2008ರಲ್ಲಿ ಅವರು ಬಾಹ್ಯಾಕಾಶದಲ್ಲಿದ್ದಾಗ ಕೈಪಿಡಿಯೊಂದರ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು, ಕಣ್ಣೀರ ಹನಿಯ ಆಕಾರಕ್ಕೆ ಮಡಿಸಿ ಅಂಟಿಸಿದರು. ಒಂದು ಬದಿ ಗುಂಡು, ಇನ್ನೊಂದು ಬದಿ ಚೂಪಾದ ಸಂದು. ಕಾಫಿ ಆ ಸಂದಿನಗುಂಟ ತಾನೇ ಹರಿದು ತುಟಿಗೆ ಬಂತು. ಐನ್‌ಮನೆಯ, ಅಂದರೆ ಕೊಡವರ ಕುಲದ ಹಿರಿಮನೆಯ, ತೂಕ್‌ಬೊಳ್ಚ ಎಂಬ ತೂಗುದೀಪದಲ್ಲಿ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವುದೂ ಇಕ್ಕಟ್ಟಾದ ಸಂದಿಗೆ ದ್ರವವನ್ನು ಸೆಳೆಯುವ ಇದೇ ಬಲದಿಂದ. ಇಲ್ಲಿ ಗುರುತ್ವ ಅದನ್ನು ಬೇಗ ತಡೆಯುತ್ತದೆ, ಅಲ್ಲಿ ತಡೆಯುವವರಿಲ್ಲ.

ಮುಂದಿನ ಸಾಲಿನ ಇಬ್ಬರು ವೇದಿಕೆಗೆ ಬನ್ನಿ. ಈ ಎರಡು ಗಾಜುಗಳ ಒಂದು ಅಂಚನ್ನು ಕೂಡಿಸಿ, ಇನ್ನೊಂದು ಅಂಚಿನ ನಡುವೆ ಬೆಂಕಿಕಡ್ಡಿ ಇಟ್ಟು ದಾರ ಸುತ್ತಿದ್ದೇನೆ. ತಟ್ಟೆಯಲ್ಲಿ ಹಾಲು ಹಾಕದ ಕಾಫಿ ಇದೆ. ಗಾಜನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಇಳಿಸಿ. ಅಂಚು ಕೂಡಿರುವ ಕಡೆ ನೋಡಿ, ಕಾಫಿ ಹತ್ತುತ್ತಿದೆ.